ಉಣ್ಣೆ ಅಲ್ಲ, ತುಪ್ಪಟ

ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಈ ನಿರೂಪಣೆಯಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು.

ನಮ್ಮೂರು ಬಿಳಿಚೋಡಿನಲ್ಲಿ ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲೆ ಕುಳಿತು, ಕಂಬಳಿಗಾಗಿ ಕುರಿಯ ತುಪ್ಪಟವನ್ನು ನೂಲುತ್ತಿದ್ದರು. ಯಾರು ಏನೇ ಹೇಳಲು ಹೋದರೂ ಕದಿರನ್ನು ತೊಡೆಗೆ ಉಜ್ಜಿ ತಿರುಗಿಸುತ್ತ, “ತಡಿಯವ್ವ, ಎಳೆ ಹರೀತೈತೆ” ಎನ್ನುವರು.

ಕಾಲೇಜು ಸೇರಿದ ವರ್ಷ, ನಾನು ಅವರೆದುರೇ ನಮ್ಮ ಅವ್ವನನ್ನು ತಿದ್ದಿದ್ದೆ: “ತುಪ್ಪಟ ಅಲ್ಲವ್ವ, ಉಣ್ಣೆ ಅನ್ನು. ಅದೇ ಶುದ್ಧ ಕನ್ನಡ.”

ಅಜ್ಜಿ ನಕ್ಕುಬಿಟ್ಟರು. “ಉಣ್ಣೆ ಅಂದ್ರೆ ಕುರಿ ರಕ್ತ ಹೀರೋ ಹುಳ ಅಲ್ಲೇನೆ? ಅದನ್ನ ಹೊದ್ಕಳಾಕೆ ಆಗ್ತೈತಾ?”

ಅವ್ವ ನಗಲಿಲ್ಲ.

ಪದವಿ ಮುಗಿದ ಮೇಲೆ ಗ್ರಂಥಾಲಯದ ನಿಘಂಟೊಂದನ್ನು ನೋಡಿ ದಿಗ್ಭ್ರಮೆಗೊಂಡೆ. ಫ್ರೆಂಚರು ತುಪ್ಪಟಕ್ಕೆ ‘ಲೆನ್’ ಎನ್ನುತ್ತಾರೆ. ಅದು ಲ್ಯಾಟಿನ್ನಿನ ‘ಲಾನಾ’ದಿಂದ ಬಂದದ್ದು. ಆ ‘ಲಾನಾ’ ಹುಟ್ಟಿದ ಪುರಾತನ ಬೇರಿನಿಂದಲೇ ಸಂಸ್ಕೃತದ ‘ಊರ್ಣಾ’ ಹುಟ್ಟಿ, ಅದರಿಂದ ನಮ್ಮ ‘ಉಣ್ಣೆ’ ಬಂದಿತ್ತು. ನಾನು ಶುದ್ಧ ಕನ್ನಡವೆಂದು ಹಟ ಹಿಡಿದ ಪದ ಫ್ರೆಂಚ್ ಪದದ ದಾಯಾದಿ! ಊರಿಗೆ ಬಂದವಳೇ ಓಡಿಹೋಗಿ ಅಜ್ಜಿಗೆ ಹೇಳಿದೆ.

ಆ ದಿನ ಅವರು ತಡಿ ಎನ್ನಲಿಲ್ಲ. ಕದಿರನ್ನೇ ಕೆಳಗಿಟ್ಟರು.

“ನನಗ್ಯಾಕೆ ಹೇಳ್ತಿ? ನಿಮ್ಮವ್ವಂಗೆ ಹೇಳು. ಅವತ್ತಿಂದ ಆಕೆ ನಿನ್ನ ಮುಂದೆ ಮಾತಾಡಾಕೆ ಹೆದರ್ತಾಳೆ. ಬಾಯಿ ತೆಗೆದ್ರೆ ಮಗಳು ತಿದ್ತಾಳೆ ಅಂತಾಳೆ.”

ಅವ್ವ ಸ್ವಭಾವತಃ ಮಿತಭಾಷಿಯೆಂದು ನಾನು ಗೆಳತಿಯರಿಗೆಲ್ಲ ಹೇಳಿಕೊಂಡಿದ್ದೆ.

ಅಜ್ಜಿ ಈಗಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ತುಪ್ಪಟವೆಂದೇ ಹೇಳುತ್ತೇವೆ. ಅವ್ವ ನನ್ನೊಡನೆ ಮಾತಾಡುತ್ತಾಳೆ, ನಾನು ತಿದ್ದುವುದಿಲ್ಲ.