ಸುಮ್ಮನಿರಲು ಮೂರು ತಿಂಗಳ ತರಬೇತಿ

ಇವತ್ತು ಬೆಳಿಗ್ಗೆ ನಮ್ಮ ಕೇಂದ್ರಕ್ಕೆ ಹೊಸ ಮೇಜೊಂದು ಬಂತು. ತಂದಿಟ್ಟವರು ಹೋದ ಮೇಲೂ ಅದರ ಪಾಲಿಶಿನ ವಾಸನೆ ಕೋಣೆಯಲ್ಲೇ ನಿಂತಿತು. ಅರಗು, ಸ್ಪಿರಿಟ್ಟು, ಒಂದಿಷ್ಟು ಮರದ ಧೂಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ವಾಸನೆಯಲ್ಲೇ ಬದುಕಿದವನು ನಾನು. ಹುಣಸೂರಿನ ಎಷ್ಟೋ ಮನೆಗಳ ಬಾಗಿಲಿಗೆ, ಮಂಚಕ್ಕೆ, ತೊಟ್ಟಿಲಿಗೆ ನನ್ನ ಕೈಯ ಹೊಳಪಿದೆ. ಅದೇ ಕೈ ಬೆಳಿಗ್ಗೆ ಎದ್ದ ಕೂಡಲೇ ನಡುಗುತ್ತಿತ್ತು, ಮದ್ಯದ ಒಂದು ಪ್ಯಾಕೆಟ್ಟು ಒಳಗೆ ಹೋದ ಮೇಲೆಯೇ ಪಾಲಿಶಿನ ಬಟ್ಟೆ ಹಿಡಿಯುತ್ತಿತ್ತು ಎಂಬುದೂ ಊರಿಗೆ ಗೊತ್ತು. ಮೇಜಿನ ಮೇಲೆ ಬೆರಳಾಡಿಸಿ ನೋಡಿದೆ. ಎರಡನೇ ಕೋಟು ಒಣಗುವ ಮೊದಲೇ ಮೂರನೆಯದು ಕೊಟ್ಟುಬಿಟ್ಟಿದ್ದಾನೆ ಪುಣ್ಯಾತ್ಮ ಅನ್ನಿಸಿತು. ಅಷ್ಟೇ ಅನ್ನಿಸಿತು.

ಈ ಮೇಜಿನ ಹಿಂದೆ ನಾನು ಬಂದು ಕೂತದ್ದು ಹೇಗೆ ಅಂತ ಯಾರಾದರೂ ಕೇಳಿದರೆ ನನಗೆ ಈಗಲೂ ಉತ್ಸಾಹ ತಡೆಯುವುದಿಲ್ಲ. ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನನ್ನ ಹೆಂಡತಿ ಶಮೀಮ್ ನನ್ನನ್ನು ಮೈಸೂರಿನ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದಳು. ನಲವತ್ತು ದಿನ ಅಲ್ಲಿದ್ದು ಬಂದೆ. ಬಂದವನು ಮತ್ತೆ ಕುಡಿಯಲಿಲ್ಲ. ಆದರೆ ಹೊಸ ಚಟವೊಂದು ಹತ್ತಿತು, ಉಪದೇಶದ್ದು. ಮಸೀದಿಯ ಮೆಟ್ಟಿಲು, ಟಿಂಬರ್ ಡಿಪೋ, ಬಸ್‌ ಸ್ಟ್ಯಾಂಡಿನ ಟೀ ಅಂಗಡಿ, ಎಲ್ಲಿ ಕುಡಿದವನೊಬ್ಬ ಸಿಕ್ಕರೂ ಹಿಡಿದು ನಿಲ್ಲಿಸಿ ನನ್ನ ಕಥೆ ಶುರುಮಾಡುತ್ತಿದ್ದೆ. ದೂರದಿಂದ ನನ್ನನ್ನು ಕಂಡರೆ ಜನ ರಸ್ತೆ ದಾಟಿ ಆಚೆ ಹೋಗುತ್ತಿದ್ದರು. ಕುಡಿಯುತ್ತಿದ್ದ ಕಾಲದಲ್ಲೂ ಹಾಗೆಯೇ ಹೋಗುತ್ತಿದ್ದರು, ಆಗ ಕಾರಣ ಬೇರೆ.

ಭಾನುವಾರಗಳಲ್ಲಿ ಮೈಸೂರಿನ ಆ ಕೇಂದ್ರಕ್ಕೆ ಹೋಗಿ ಹೊಸಬರ ಜೊತೆ ಮಾತಾಡಿ ಬರುತ್ತಿದ್ದೆ. ಎರಡು ವರ್ಷ ಹೀಗೆ ಕಳೆದ ಮೇಲೆ ಅಲ್ಲಿಯ ಡಾಕ್ಟರು ಒಂದು ದಿನ ಕರೆದು, "ನೀವು ಇದನ್ನೇ ಕೆಲಸವಾಗಿ ಮಾಡಬಹುದಲ್ಲ? ಕುಡಿತ ಬಿಟ್ಟವರಿಗೇ ಅಂತ ಒಂದು ತರಬೇತಿ ಇದೆ. ಮೂರು ತಿಂಗಳು ಪಾಠ, ಆರು ತಿಂಗಳು ಹಿರಿಯರ ಕೈಕೆಳಗೆ ಕೆಲಸ, ಆಮೇಲೆ ಪರೀಕ್ಷೆ. ಮನೆಯಲ್ಲಿ ಕುಡಿತ ಕಂಡವರನ್ನೂ ತಗೋತಾರೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು" ಅಂದರು.

ನನ್ನ ಉತ್ಸಾಹ ಕೊನೆಯ ಮಾತಿಗೆ ಜರ್ರನೆ ಇಳಿಯಿತು. ನಾನು ಎಸ್ಸೆಸ್ಸೆಲ್ಸಿ ಫೇಲು. ಫಲಿತಾಂಶ ಬರುವ ಮೊದಲೇ ಮಾವನ ಜೊತೆ ಕೇರಳದ ಮಾನಂದವಾಡಿಗೆ ಪಾಲಿಶ್ ಕೆಲಸಕ್ಕೆ ಹೋಗಿಬಿಟ್ಟಿದ್ದೆ. ನಮ್ಮ ಬೀದಿಯ ಗೆಳೆಯನೊಬ್ಬ ಶಾಲೆಯ ಬೋರ್ಡು ನೋಡಿ, "ನಿನ್ನ ನಂಬರ್ ಇಲ್ಲ ಕಣ್ಲಾ" ಅಂತ ಫೋನಿನಲ್ಲಿ ಹೇಳಿದ್ದ. ಗಣಿತದಲ್ಲಿ ಹೋಗಿರುತ್ತದೆ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಆಮೇಲೆ ಕುಡಿದಾಗಲೆಲ್ಲ ಅದೊಂದು ಒಳ್ಳೆಯ ರಾಗವಾಗಿತ್ತು: ಓದಿದ್ದರೆ ನಾನು ಹೀಗಿರುತ್ತಿರಲಿಲ್ಲ.

"ಫೇಲಾದ ಅಂಕಪಟ್ಟಿಯನ್ನಾದರೂ ತನ್ನಿ. ಯಾವ ವಿಷಯ ಹೋಗಿದೆಯೋ ಅದನ್ನು ಮಾತ್ರ ಕಟ್ಟಿಸೋಣ" ಅಂದರು ಡಾಕ್ಟರು.

ಶಾಲೆಗೆ ಹೋದೆ. ಕಚೇರಿಯ ಗುಮಾಸ್ತರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ವರ್ಷ ಕೇಳಿ, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಮೂಲೆಯ ಕಬ್ಬಿಣದ ಬೀರು ತೆಗೆದರು. ಯಾರೂ ಬಂದು ತೆಗೆದುಕೊಳ್ಳದ ಅಂಕಪಟ್ಟಿಗಳ ಕಟ್ಟು ಇತ್ತು. ದಾರ ಮುಟ್ಟಿದರೆ ಪುಡಿಯಾಯಿತು. ಒಂದೊಂದೇ ತಿರುವಿದರು. ಒಂದು ಹಾಳೆ ಎಳೆದು ಬೆಳಕಿಗೆ ಹಿಡಿದರು.

"ಯಾವ ಸಬ್ಜೆಕ್ಟು ಕಟ್ಟಬೇಕು ಅಂದ್ರಿ?"

"ಗಣಿತ ಇರಬೇಕು ಸಾರ್."

"ಗಣಿತದಲ್ಲಿ ಮೂವತ್ತೇಳು ಬಂದಿದೆಯಲ್ಲರೀ. ಪಾಸಾಗಿದ್ದೀರಿ."

ನಾನು ಹಾಳೆ ಇಸಿದುಕೊಂಡು ನೋಡಿದೆ. ನನ್ನ ಹೆಸರು, ಅಬ್ಬಾನ ಹೆಸರು, ಆರು ವಿಷಯ. ಆರರಲ್ಲೂ ಪಾಸು. ಗೆಳೆಯ ನೋಡಿದ್ದು ಯಾವ ನಂಬರೋ ದೇವರಿಗೇ ಗೊತ್ತು. ಗುಮಾಸ್ತರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು.

ಮನೆಗೆ ಓಡಿದೆ ಅಂದರೆ ಉತ್ಪ್ರೇಕ್ಷೆಯಲ್ಲ. ನನ್ನ ಅಬ್ಬಾ ಬಡಗಿ, ಆಗ ಎಂಬತ್ತರ ಹತ್ತಿರ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಪ್ರತಿ ವಿಷಯದ ಅಂಕವನ್ನೂ ನನ್ನಿಂದ ಗಟ್ಟಿಯಾಗಿ ಓದಿಸಿದರು, ಗಣಿತವನ್ನು ಎರಡು ಸಲ. ಆಮೇಲೆ ಉರ್ದುವಿನಲ್ಲಿ ಒಂದು ಮಾತು ಅಂದರು. ಕನ್ನಡದಲ್ಲಿ ಅದು ಹೀಗೆ: "ಇಷ್ಟು ವರ್ಷ ಫೇಲು ಅಂತ ಹೇಳಿಕೊಂಡು ತಿರುಗಿದೆಯಲ್ಲ, ಒಂದು ಸಲ ಹೋಗಿ ನೋಡುವುದಕ್ಕೆ ನಿನಗೇನಾಗಿತ್ತು?"

ಅಷ್ಟು ಅಂದು ಅವರೇ ಎದ್ದು ಹೋಗಿ ಬೀದಿ ತುದಿಯ ಅಂಗಡಿಯಿಂದ ಎರಡು ನೋಟ್‌ಬುಕ್ಕು, ಒಂದು ಪೆನ್ನು ತಂದುಕೊಟ್ಟರು.

ತರಬೇತಿ ಮೈಸೂರಿನಲ್ಲಿ. ದಿನಾ ಬೆಳಿಗ್ಗೆ ಏಳರ ಬಸ್ಸು. ನಲವತ್ತು ದಾಟಿದವನು ಡಬ್ಬಿಯಲ್ಲಿ ಊಟ ಕಟ್ಟಿಕೊಂಡು ಹೊರಟರೆ, ಶಮೀಮ್ ಬಾಗಿಲಲ್ಲಿ ನಿಂತು ಶಾಲೆ ಮಗುವನ್ನು ಕಳಿಸುವ ಹಾಗೆ ನೋಡುತ್ತಿದ್ದಳು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕಾಯಂ ಮಂಗಳಕ್ಕನದು. ಮಂಗಳಕ್ಕ ಪಿರಿಯಾಪಟ್ಟಣದ ಕಡೆ ಕಂಪಲಾಪುರದವರು, ಹೊಲ ಮಾಡುವ ಮನೆಯವರು. ಗಂಡನ ಕುಡಿತ ಬಿಡಿಸಿದ್ದರು. ಈಗ ಉಳಿದವರ ಗಂಡಂದಿರನ್ನೂ ಬಿಡಿಸುತ್ತೇನೆ ಅಂತ ಹೊರಟಿದ್ದರು. ನನ್ನನ್ನು ಭಾಯ್ ಎಂದು ಕರೆಯುತ್ತಿದ್ದರು. ಆದರೆ ಅವರ ನಾಲಿಗೆಯಲ್ಲಿ ಅದು ಬಾಯ್ ಆಗುತ್ತಿತ್ತು. ನನಗೆ ಆ ಹೆಸರೇ ಸರಿ ಎಂದು ಇಡೀ ತರಗತಿ ಒಪ್ಪಿತು.

ಯಾಕೆಂದರೆ ಮೊದಲ ವಾರವೇ ನಾನು ಪಾಠದಲ್ಲಿ ಸೋತೆ. ನಮ್ಮ ಶಿಕ್ಷಕಿ ಶೈಲಜಾ ಮೇಡಮ್ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. ಒಬ್ಬರು ತಮ್ಮ ಕಷ್ಟ ಹೇಳಬೇಕು. ಇನ್ನೊಬ್ಬರು ಐದು ನಿಮಿಷ ಕೇಳಬೇಕು, ಬುದ್ಧಿ ಹೇಳಬಾರದು, ತನ್ನ ಕಥೆ ತರಬಾರದು. ನಾನು ಬಹಳ ಗಂಭೀರವಾಗಿ ಕೂತೆ. ಮುಗಿದ ಮೇಲೆ ಮೇಡಮ್ ಬೋರ್ಡಿನ ಮೇಲೆ ನನ್ನ ಹೆಸರು ಬರೆದು ಮುಂದೆ 'ನಲವತ್ತು ಸೆಕೆಂಡ್' ಎಂದು ಬರೆದರು. ಅಷ್ಟು ಹೊತ್ತಿಗೇ ನಾನು, "ನಂದೂ ಹಂಗೇ ಆಗಿತ್ತು ನೋಡಿ" ಅಂತ ಶುರುಮಾಡಿದ್ದೆನಂತೆ.

"ಬಾಯ್, ಒಸಿ ಬಾಯ್ ಮುಚ್ಕಂಡಿರಿ. ಐದ್ ನಿಮ್ಸುಕ್ಕೆ ಯಾರೂ ಸಾಯಕಿಲ್ಲ" ಅಂದರು ಮಂಗಳಕ್ಕ.

ಅವರಿಗೆ ಸಿಕ್ಕ ಪಾಠ ಬೇರೆ. ಕುಡುಕ ಎಂಬ ಪದ ಬಳಸಬೇಡಿ, ಕುಡಿತದ ತೊಂದರೆ ಇರುವವರು ಅನ್ನಿ ಎಂದಾಗ ಮಂಗಳಕ್ಕ ಎದ್ದು ನಿಂತರು. "ಕುಡುಕನ್ನ ಕುಡುಕ ಅನ್ನದೆ ತಾಸೀಲ್ದಾರ್ ಅನ್ನಕಾಯ್ತದಾ ಮೇಡಮ್?" ತರಗತಿ ನಕ್ಕಿತು. ಮೇಡಮ್ಮೂ ನಕ್ಕರು. ನಕ್ಕು ಮುಗಿದ ಮೇಲೆ, "ನಿಮ್ಮ ಯಜಮಾನರಿಗೆ ಹಾಗೆ ಅಂದಾಗ ಅವರೇನು ಮಾಡುತ್ತಿದ್ದರು?" ಅಂತ ಕೇಳಿದರು. ಮಂಗಳಕ್ಕ ಸ್ವಲ್ಪ ಯೋಚಿಸಿ, "ಎದ್ದೋಗಿ ಇನ್ನೂ ಒಂದಷ್ಟು ಕುಡ್ಕೊಂಡ್ ಬರೋರು" ಅಂದು ಕೂತರು. ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

ನನಗೆ ಆ ದಿನಗಳ ಹುರುಪನ್ನು ಹೇಗೆ ಹೇಳಲಿ? ಇಪ್ಪತ್ತು ವರ್ಷ ನನ್ನ ಮೈಮೇಲೆ ನಡೆದದ್ದಕ್ಕೆಲ್ಲ ಅಲ್ಲಿ ಹೆಸರಿತ್ತು, ಕಾರಣವಿತ್ತು. ಬಿಟ್ಟ ಮೇಲೆ ಯಾಕೆ ನಿದ್ದೆ ಬರುವುದಿಲ್ಲ, ಯಾಕೆ ಸಿಹಿ ತಿನ್ನಬೇಕೆನಿಸುತ್ತದೆ, ಮತ್ತೆ ಒಂದು ಸಲ ಕುಡಿದವನು ಯಾಕೆ ಸೋತವನಲ್ಲ. ಸಂಜೆ ಬಸ್ಸಿನಲ್ಲಿ ಶಮೀಮ್‌ಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬರುತ್ತಿದ್ದೆ. ಅವಳು ರೊಟ್ಟಿ ತಟ್ಟುತ್ತಾ ಕೇಳಿ, "ಇದೆಲ್ಲ ನಾನು ನಿಮಗೆ ಮೊದಲೇ ಹೇಳಿದ್ದೆ" ಅನ್ನುತ್ತಿದ್ದಳು. ಹೇಳಿದ್ದಳೋ ಏನೋ. ಕೇಳುವ ತರಬೇತಿ ನನಗೆ ಆಗಿರಲಿಲ್ಲ.

ಎರಡನೇ ತಿಂಗಳಲ್ಲಿ ಒಂದು ಪಾಠ ಬಂತು. ತುಂಬ ವರ್ಷ, ತುಂಬ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಕ್ಕೆ ಮೈ ಬೆವರಿ, ನಡುಕ ಹತ್ತಿ, ಇಲ್ಲದ್ದೆಲ್ಲ ಕಣ್ಣಿಗೆ ಕಾಣತೊಡಗಬಹುದು, ಫಿಟ್ಸ್ ಬರಬಹುದು, ಆಸ್ಪತ್ರೆಗೆ ಹೋಗದಿದ್ದರೆ ಜೀವಕ್ಕೇ ಅಪಾಯ. ಮೇಡಮ್ ಹೇಳುತ್ತಿರುವಾಗಲೇ ಮಂಗಳಕ್ಕ ಎದ್ದು ಹೊರಗೆ ಹೋದರು. ಊಟದ ಹೊತ್ತಿನಲ್ಲಿ ನಲ್ಲಿಯ ಹತ್ತಿರ ಸಿಕ್ಕರು. ಮುಖ ತೊಳೆದಿದ್ದರು.

"ನನಗೊಬ್ಬ ತಮ್ಮ ಇದ್ದ ಬಾಯ್" ಅಂದರು. "ಬಾಳಾ ಕುಡೀತಿದ್ದ. ಬುಡುಸ್ಬೇಕು ಅಂತ ನಾನೂ ಅವ್ವನೂ ರೂಮಲ್ ಕೂಡಾಕುದ್ವಿ. ಮೂರ್ನೇ ದಿನ ಗ್ವಾಡೆ ಮ್ಯಾಲೆ ಆವು ಅಂತ ಕೂಗ್ತಿದ್ದ. ಗಾಳಿ ಸೋಕ್ಯದೆ ಅಂದ್ಕಂಡ್ವಿ. ದಾರ ಕಟ್ಟುಸ್ದೊ. ಬೆಳುಗ್ಗೆ ಬಾಗ್ಲು ತೆಗುದ್ರೆ ಜೀವ ಓಗ್ಬುಟ್ಟಿತ್ತು. ಒಳ್ಳೇದಾಗ್ಲಿ ಅಂತ್ಲೇ ಕೂಡಾಕಿದ್ದು."

ನನ್ನ ಬಾಯಿಗೆ ಹತ್ತು ಸಮಾಧಾನದ ಮಾತು ಬಂದವು. ಒಂದನ್ನೂ ಹೇಳಲಿಲ್ಲ. ಅವರು ಬಹಳ ಹೊತ್ತು ಮಾತಾಡಿದರು, ತಮ್ಮನ ಹೆಸರು ಹೇಳಿದರು, ಅವನಿಗೆ ಇಷ್ಟವಾದ ಹಾಡು, ಎಮ್ಮೆ ಮೇಯಿಸುತ್ತಿದ್ದದ್ದು. ಮಧ್ಯಾಹ್ನದ ತರಗತಿಯ ಬೆಲ್ಲು ಹೊಡೆದಾಗ ನನಗೆ ಗೊತ್ತಾಯಿತು, ಅರ್ಧ ಗಂಟೆ ಸುಮ್ಮನಿದ್ದೆ. ನಾಳೆಯಿಂದ ಮಂಗಳಕ್ಕ ಬರುವುದಿಲ್ಲವೇನೋ ಅಂದುಕೊಂಡಿದ್ದೆ. ಮಾರನೆಯ ದಿನ ಅವರು ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು.

ಪಾಠ ಮುಗಿದು ಕೆಲಸದ ಆರು ತಿಂಗಳಿಗೆ ನಮ್ಮಿಬ್ಬರನ್ನೂ ಹೆಚ್.ಡಿ. ಕೋಟೆ ಕಡೆಗೆ ಹಾಕಿದರು. ಊರೂರಿಗೆ ಹೋಗಿ, ಚಿಕಿತ್ಸೆ ಮುಗಿಸಿ ಬಂದವರನ್ನು ಕಂಡು ಮಾತಾಡಿಸುವ ಕೆಲಸ. ಒಂದು ಬೆಳಿಗ್ಗೆ ಬೀಚನಹಳ್ಳಿಯಲ್ಲಿ ಒಬ್ಬರ ಮನೆ ಹುಡುಕುತ್ತಿದ್ದಾಗ, ಪಕ್ಕದ ಮನೆಯ ಜಗಲಿಯಲ್ಲಿ ಹತ್ತಾರು ಜನ ಸೇರಿದ್ದರು. ನಡುವೆ ಮೂವತ್ತೈದರ ಒಬ್ಬ ಗಂಡಸು, ಶಿವಣ್ಣ ಅಂತ, ರೆಸಾರ್ಟಿನಲ್ಲಿ ಗಿಡ ನೋಡಿಕೊಳ್ಳುವವನು. ಬೆವರಿನಲ್ಲಿ ತೊಯ್ದಿದ್ದ. ಊರ ಪಕ್ಕದ ಡ್ಯಾಮಿನ ನೀರು ಮನೆಗೆ ನುಗ್ಗಿದೆ ಎಂದು ಕಾಲು ಮೇಲೆತ್ತಿಕೊಂಡು ಕೂತಿದ್ದ. ಎದುರಿಗಿದ್ದ ಮಗಳ ಹೆಸರು ಕೇಳಿದರೆ ಗೊತ್ತಿಲ್ಲ. ಅವನ ಅಣ್ಣ, ಗುಡ್ಡದಾಚೆಯ ಮಂತ್ರದವರ ಹತ್ತಿರ ಕರೆದೊಯ್ಯಲು ಗಾಡಿಗೆ ಹೇಳಿ ಕಳಿಸಿದ್ದ.

ನಾನು ಬಾಯಿ ತೆರೆದೆ. ನನ್ನೊಳಗೆ ಇಡೀ ಭಾಷಣ ಸಿದ್ಧವಿತ್ತು: ಮೂಢನಂಬಿಕೆ, ವಿಜ್ಞಾನ, ಎಲ್ಲ. ಪಕ್ಕದಲ್ಲಿ ಮಂಗಳಕ್ಕ ಉಸಿರು ಹಿಡಿದು ನಿಂತಿದ್ದು ಕಂಡಿತು. ಭಾಷಣ ನುಂಗಿ ಒಂದೇ ಪ್ರಶ್ನೆ ಕೇಳಿದೆ.

"ಕೊನೇ ಸಲ ಕುಡಿದದ್ದು ಯಾವಾಗ?"

"ಕುಡುದ್ರೆ ತಾನೆ?" ಅಂದ ಅಣ್ಣ. "ದೇವ್ರ್ ಮುಂದೆ ಆಣೆ ಮಾಡಿ ಬುಟ್ಟು ಮೂರ್ ದಿನ ಆಯ್ತು. ಅದ್ಕೇ ಏಳ್ತಿರದು, ಇದು ಕುಡ್ತ ಅಲ್ಲ, ಗಾಳಿ."

ಮಂಗಳಕ್ಕ ಜಗಲಿ ಹತ್ತಿ ಅಣ್ಣನ ಮುಂದೆ ನಿಂತರು. ದನಿ ಏರಿಸಲಿಲ್ಲ. "ನನ್ ತಮ್ಮನೂ ಮೂರ್ ದಿನ ಬುಟ್ಟಿದ್ದ ಕಣಪ್ಪ. ನಾವೂ ಗಾಳಿ ಅಂದೊ. ನಾಕ್ನೇ ದಿನಕ್ಕೆ ಮಣ್ಣ್ ಮಾಡ್ದೊ. ಬುಟ್ಟುದ್ ತಪ್ಪಲ್ಲ, ಒಳ್ಳೇ ಕೆಲ್ಸಾನೇ ಮಾಡವ್ನೆ ನಿನ್ ತಮ್ಮ. ಆದ್ರೆ ಮೈ ತಡಕಂತಾ ಇಲ್ಲ. ಮೊದ್ಲು ಆಸ್ಪತ್ರೆ. ದೇವ್ರು ಎಲ್ಲೂ ಓಗಕಿಲ್ಲ, ನಾಳಿಕೂ ಅಲ್ಲೇ ಇರ್ತನೆ."

ಅಣ್ಣ ಅವರ ಮುಖವನ್ನೇ ನೋಡಿದ. ಬಂದ ಗಾಡಿಯವನಿಗೆ, "ಕ್ವಾಟೆಗೆ ತಿರುಗ್ಸು" ಅಂದ.

ಹೆಚ್.ಡಿ. ಕೋಟೆಯ ಆಸ್ಪತ್ರೆ ಬಾಗಿಲಲ್ಲಿ ಇಳಿಸುವಾಗಲೇ ಶಿವಣ್ಣನಿಗೆ ಫಿಟ್ಸ್ ಬಂತು. ಸ್ಟ್ರೆಚರು, ಇಂಜೆಕ್ಷನ್ನು, ಗ್ಲೂಕೋಸು. ಎಷ್ಟು ದಿನದಿಂದ ಕುಡಿದಿಲ್ಲ, ಮೊದಲು ಎಷ್ಟು ಕುಡಿಯುತ್ತಿದ್ದ ಎಂದು ಡಾಕ್ಟರು ಕೇಳಿದ್ದಕ್ಕೆಲ್ಲ ನಾನು ನೋಟ್‌ಬುಕ್ಕಿನಿಂದ ಓದಿ ಹೇಳಿದೆ. ದಾರಿಯಲ್ಲಿ ಅವನ ಹೆಂಡತಿಯನ್ನು ಕೇಳಿ ಬರೆದುಕೊಂಡಿದ್ದೆ. ಒಂದು ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದು, "ಸರಿಯಾದ ಹೊತ್ತಿಗೆ ತಂದಿರಿ. ಸ್ವಲ್ಪ ಸ್ಥಿರವಾಗಲಿ, ಮೈಸೂರಿಗೆ ಕಳಿಸ್ತೀವಿ" ಅಂದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, "ನೀವು ಏನು ಓದಿದ್ದೀರಿ?" ಎಂದು ಕೇಳಿದರು.

"ಎಸ್ಸೆಸ್ಸೆಲ್ಸಿ ಸಾರ್" ಅಂದೆ. "ಮತ್ತೆ ಮೂರು ತಿಂಗಳ ತರಬೇತಿ."

ಹೊರಗೆ ಮೆಟ್ಟಿಲ ಮೇಲೆ ಮಂಗಳಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಅಳುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದೆ. ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. "ಒಬ್ಬ ಉಳುದ್ನಲ್ಲ ಬಾಯ್" ಅಂದರು. ಇಬ್ಬರೂ ಎದುರಿನ ಅಂಗಡಿಗೆ ಹೋಗಿ ಟೀ ಕುಡಿದೆವು, ಬಿಸಿ ಬೋಂಡ ತಿಂದೆವು, ಇನ್ನೂ ಒಂದು ಪ್ಲೇಟು ಹೇಳಿದೆವು. ಅಷ್ಟು ಹಸಿವು ನನಗೆ ಹುಡುಗನಾಗಿದ್ದಾಗಿನಿಂದ ಆಗಿರಲಿಲ್ಲ.

ಹದಿನೈದು ದಿನಕ್ಕೆ ಶಿವಣ್ಣ ಊರಿಗೆ ಬಂದ. ಮಧ್ಯೆ ಒಂದು ಸಲ ಮತ್ತೆ ಕುಡಿದ, ತಾನೇ ಫೋನು ಮಾಡಿ ಹೇಳಿದ, ಮತ್ತೆ ಬಿಟ್ಟ. ನಾವಿಬ್ಬರೂ ಪರೀಕ್ಷೆ ಪಾಸು ಮಾಡಿದೆವು. ಮಂಗಳಕ್ಕನಿಗೆ ನನಗಿಂತ ಜಾಸ್ತಿ ಅಂಕ. ಅವರು ಈಗ ಕೋಟೆಯಲ್ಲೇ ಕೆಲಸ ಮಾಡುತ್ತಾರೆ. ಕೆ.ಆರ್. ನಗರದ ಕಡೆಯಿಂದಲೂ ಹೆಂಗಸರು ಅವರನ್ನು ಹುಡುಕಿಕೊಂಡು ಬರುತ್ತಾರಂತೆ. ನಾನು ಹುಣಸೂರಿನ ಈ ಕೇಂದ್ರದಲ್ಲಿ. ಮುಂದಿನ ವರ್ಷ ಪಿಯುಸಿ ಕಟ್ಟಬೇಕೆಂದಿದ್ದೇನೆ. ಅದಾದರೆ ಪದವಿ, ಪದವಿಯಾದರೆ ಸಮಾಜಕಾರ್ಯದಲ್ಲಿ ಎಂ.ಎ. ಹೀಗೆ ಲೆಕ್ಕ ಹಾಕುತ್ತಾ ಹೋದರೆ ನಾನು ಪೂರ್ತಿ ಓದಿ ಮುಗಿಸುವ ಹೊತ್ತಿಗೆ ನಿವೃತ್ತಿಯ ವಯಸ್ಸಾಗಿರುತ್ತದೆ ಎಂದು ಶಮೀಮ್ ನಗುತ್ತಾಳೆ. ಆಗಲಿ.

ಇಷ್ಟು ಹೇಳುತ್ತಿರುವಾಗ ಗೇಟಿನ ಹತ್ತಿರ ಒಬ್ಬರು ಎರಡು ಸಲ ಹಾದುಹೋದರು. ಮೂರನೇ ಸಲ ನಿಂತರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ಬೋರ್ಡು ಓದುತ್ತಿರುವ ಹಾಗೆ ನಟಿಸಿ, ರಸ್ತೆಯ ಆಚೆ ಈಚೆ ನೋಡಿ, ಸರಕ್ಕನೆ ಒಳಗೆ ಬಂದರು.

"ನನಗಲ್ಲ ಸಾರ್" ಅಂದರು. "ನನ್ನ ಸ್ನೇಹಿತ ಒಬ್ಬ ಇದ್ದಾನೆ, ಅವನ ವಿಷಯ ಸ್ವಲ್ಪ ಕೇಳಬೇಕಿತ್ತು."

ಎದ್ದು ಕುರ್ಚಿ ಎಳೆದು ಕೊಟ್ಟೆ.

"ಬನ್ನಿ, ಕೂತುಕೊಳ್ಳಿ" ಅಂದೆ. "ನಿಮ್ಮ ಸ್ನೇಹಿತರು ಹೇಗಿದ್ದಾರೆ?"