ಹೆಲ್ಮೆಟ್ ಕಳ್ಳತನದ ದೂರು

ಪುತ್ತೂರು ಬಸ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿದ್ದ ನನ್ನ ಸ್ಕೂಟರ್ ಮಾಯವಾದಾಗ ಕೈಯಲ್ಲಿ ಉಳಿದದ್ದು ಹೆಲ್ಮೆಟ್ ಮಾತ್ರ. ಸೀಟಿನಡಿ ಅಮ್ಮನ ಸ್ಕ್ಯಾನಿಂಗ್ ರಿಪೋರ್ಟ್ ಇತ್ತು; ಡಾಕ್ಟರು ಹನ್ನೆರಡಕ್ಕೆ ಎದ್ದು ಹೋಗುವವರು. ರಿಕ್ಷಾ ಹಿಡಿದು ಪೊಲೀಸ್ ಠಾಣೆಗೆ ಓಡಿದೆ.

ಅಲ್ಲಿ ನನಗಿಂತ ಮುಂಚೆ ನಿವೃತ್ತ ಮಾಸ್ಟ್ರೊಬ್ಬರು ಕೂತಿದ್ದರು. ಬಸ್‌ಸ್ಟ್ಯಾಂಡ್ ಹತ್ತಿರ ಸ್ಕೂಟರಿಗೆ ಸಿಕ್ಕಿಸಿಟ್ಟಿದ್ದ ಅವರ ಹೆಲ್ಮೆಟನ್ನು ಯಾರೋ ಕದ್ದರಂತೆ. ಅದರ ಬಣ್ಣ, ಕಂಪೆನಿ, ಬೆಲ್ಟಿನ ಹರಕು ಎಲ್ಲವನ್ನೂ ಪೊಲೀಸರು ನಿಧಾನಕ್ಕೆ ಬರೆದುಕೊಳ್ಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿದರೆ, "ಸರದಿ ಅಂತ ಉಂಟಲ್ಲ ಮಾರಾಯ್ರೆ, ಕೂತ್ಕೊಳ್ಳಿ" ಅಂದರು. ಮಾಸ್ಟ್ರು ನನ್ನ ಕೈಯಲ್ಲಿದ್ದ ಹೆಲ್ಮೆಟನ್ನೇ ಗುರಾಯಿಸುತ್ತಿದ್ದರು.

ಕೂರಲಾಗದೆ ಎದ್ದು ಕಿಟಕಿಯಿಂದ ನೋಡಿದರೆ, ಅಂಗಳದಲ್ಲಿ ನನ್ನ ಸ್ಕೂಟರ್! "ನನ್ನ ಗಾಡಿ!" ಅಂತ ಕೂಗಿದೆ.

"ಅದು ನನ್ನದು, ಈಗಷ್ಟೆ ಬಿಟ್ಕೊಂಡು ಬಂದದ್ದು" ಅಂದರು ಮಾಸ್ಟ್ರು.

ನಂಬರ್ ತೋರಿಸಿದೆ. ಅದೇ ಬಿಳಿ ಬಣ್ಣ, ಅದೇ ಮಾಡೆಲ್. ಸವೆದುಹೋದ ಅವರ ಕೀ ನನ್ನ ಗಾಡಿಗೂ ತಿರುಗಿತ್ತು. ಕದ್ದ ಗಾಡಿಯಲ್ಲೇ ಠಾಣೆಗೆ ಬಂದು ದೂರು ಕೊಟ್ಟವರು ಒಮ್ಮೆಯಾದರೂ ಕ್ಷಮೆ ಕೇಳಬಹುದೆಂದು ಕಾದೆ. ನಾನು ಗಾಡಿ ಸ್ಟಾರ್ಟ್ ಮಾಡುವಷ್ಟರಲ್ಲಿ ಅವರು ದಡಬಡ ಹೊರಗೆ ಬಂದು, ನನ್ನ ಹಿಂದಿನ ಸೀಟಿಗೆ ಹತ್ತಿ ಕೂತರು.

"ಬೇಗ ಬಿಡು ಮಾರಾಯ. ನನ್ನ ಸ್ಕೂಟರ್, ಹೆಲ್ಮೆಟ್ ಎಲ್ಲ ಬಸ್‌ಸ್ಟ್ಯಾಂಡಲ್ಲೇ ಉಂಟು. ಯಾರಾದರೂ ಕದ್ಕೊಂಡು ಹೋದರೆ ಎಂತ ಮಾಡುದು?"