ಗೆಳೆಯನ ಕುಣಿಗೆ ನನ್ನ ಅಳತೆ

ನಮ್ಮನ್ನು ಸಕ್ಕರೆ ಕಾರ್ಖಾನೆಯವರು ಕೆಲಸಕ್ಕೆ ತೆಗೆದುಕೊಂಡದ್ದು ಬಾಸ್ಕೆಟ್‌ಬಾಲ್ ಆಡಲಿಕ್ಕೆ. ಹಾಜರಿ ಪುಸ್ತಕದಲ್ಲಿ ಕಬ್ಬು ತೂಗುವ ಗುಮಾಸ್ತರು ಅಂತಿತ್ತು. ಆದರೆ ಹದಿನಾಲ್ಕು ವರ್ಷದಲ್ಲಿ ನಾನು ಒಂದು ಗಾಡಿ ಕಬ್ಬನ್ನೂ ತೂಗಿದವನಲ್ಲ. ಮುಧೋಳ, ಜಮಖಂಡಿ ಸೀಮೆಯಲ್ಲಿ ಆರಡಿ ದಾಟಿದವರನ್ನು ಹುಡುಕಿ ಹುಡುಕಿ ಐದು ಜನರ ತಂಡ ಕಟ್ಟಿದ್ದರು. ಎಲ್ಲಿ ಹೋದರೂ ಜನ ಮೊದಲು ನಮ್ಮ ಎತ್ತರ ನೋಡುತ್ತಿದ್ದರು, ಆಮೇಲೆ ಆಟ.

ಆಟ ನಿಂತಿತು, ಊಟ ನಿಲ್ಲಲಿಲ್ಲ. ಎರಡು ಹೊತ್ತು ಓಡುವಾಗ ಎಷ್ಟು ರೊಟ್ಟಿ ತಿನ್ನುತ್ತಿದ್ದೆವೋ ಅಷ್ಟೇ ರೊಟ್ಟಿ. ಸಿಮೆಂಟಿನ ಮೇಲೆ ಜಿಗಿದು ಸವೆದ ಮೊಣಕಾಲಿಗೆ ದಿನಾ ನೋವಿನ ಗುಳಿಗೆ. ಮೊದಲನೆಯವನು ಐವತ್ತೊಂದಕ್ಕೆ, ಬೀಳಗಿಯಲ್ಲಿ ಬಸ್ಸಿಗೆ ಕಾಯುತ್ತ ಕುಳಿತಲ್ಲೇ ಹೋದ. ಮರುವರ್ಷ ಇನ್ನೊಬ್ಬ, ಹಲ್ಲುಜ್ಜುವಾಗ. ಮತ್ತೊಬ್ಬನಿಗೆ ಮಗಳ ಮದುವೆಯ ಹಂದರ ಹಾಕಿಸುವಾಗ ಎದೆ ನೋವು ಬಂದದ್ದೇ ಕೊನೆ. ಎತ್ತರದವರ ತಲೆತನಕ ರಕ್ತ ಏರಿಸುವುದೆಂದರೆ ಮಾಳಿಗೆ ಮೇಲಿನ ಟ್ಯಾಂಕಿಗೆ ಸಣ್ಣ ಮೋಟಾರು ಹಚ್ಚಿದಂತೆ ಎಂದು ಬನಹಟ್ಟಿಯ ಚಹಾದಂಗಡಿಯಲ್ಲಿ ತೀರ್ಮಾನವಾಯಿತು. ತೀರ್ಮಾನ ಕೊಟ್ಟವರೆಲ್ಲ ಐದಡಿಯವರು. ಉಳಿದಿದ್ದ ನಾವಿಬ್ಬರು ನಕ್ಕೆವು.

ನನಗೆ ಆ ನಗು ಪೂರ್ತಿ ಬಂದಿರಲಿಲ್ಲ. ಜಮಖಂಡಿಯ ಡಾಕ್ಟರು ನನ್ನ ಎದೆಗೆ ಕೊಳವೆ ಹಚ್ಚಿ ನೋಡಿ, ತಡಮಾಡದೆ ವಿಜಯಪುರಕ್ಕೆ ಹೋಗಿ ಹೃದಯ ತೋರಿಸಿರೆಂದು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಹೆಂಡತಿಗೆ ಸಿಗದಂತೆ ಈ ಅಂಗಿಯ ಕಿಸೆಯಿಂದ ಆ ಅಂಗಿಯ ಕಿಸೆಗೆ ಬದಲಾಯಿಸುತ್ತ ಹದಿನೈದು ದಿನ ಕಳೆದೆ. ಹೋದರೆ ಏನಾದರೂ ಹೇಳಿಬಿಡುತ್ತಾರೆ ಎಂಬ ಅಂಜಿಕೆ, ಅಷ್ಟೇ.

ಅಷ್ಟರಲ್ಲಿ ಉಳಿದ ಒಬ್ಬ ಗೆಳೆಯನೂ ಹೋದ. ವಯಸ್ಸು ಐವತ್ತಾರು, ನನ್ನದೂ ಅದೇ. ವಿಜಯಪುರದ ಆಸ್ಪತ್ರೆಯಿಂದ ಹೆಣ ಇನ್ನೂ ದಾರಿಯಲ್ಲಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ನಮ್ಮಲ್ಲಿ ಸತ್ತವರನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿ ಮಣ್ಣು ಮಾಡುತ್ತಾರೆ. ಸಾಮಾನ್ಯ ಕುಣಿಯಲ್ಲಿ ಈ ಮನುಷ್ಯ ಹಿಡಿಸುವುದಿಲ್ಲವೆಂದು ಕುಣಿ ತೋಡುವ ಮುದುಕ ಅಳತೆ ಕೇಳಿಕೊಂಡು ಅವನ ಮನೆಗೇ ಬಂದ. ಪಡಸಾಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದ.

"ನೀವಿಬ್ರೂ ಒಂದ ಅಳತಿ ಅಲ್ರಿ. ಸ್ವಲ್ಪ ಗ್ವಾಡಿಗೆ ಆತು ಕುಂದರ್ರಿ."

ಸತ್ತವನ ಮನೆಯಲ್ಲಿ ಒಲ್ಲೆ ಅನ್ನುವುದು ಹೇಗೆ? ಕುಳಿತೆ. ಬಗ್ಗುವಾಗ ಕಿಸೆಯ ಚೀಟಿ ಕೆಳಗೆ ಬಿತ್ತು. ಹೆಂಗಸರ ನಡುವೆ ಕುಳಿತಿದ್ದ ನನ್ನ ಹೆಂಡತಿ ಅದನ್ನೆತ್ತಿಕೊಂಡು ಓದಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇತ್ತ ಮುದುಕ ಬೇವಿನ ಕೋಲೊಂದನ್ನು ನನ್ನ ಬೆನ್ನಿಗೆ ಹಿಡಿದು ನೆತ್ತಿಯ ಮಟ್ಟಕ್ಕೆ ಕತ್ತರಿಸಿದ. ಅಗಲಕ್ಕೆ ಅದರ ಮೇಲೇ ಒಂದು ಗುರುತು ಕೊರೆದ. ನನ್ನ ಮೊಣಕಾಲು ಪೂರ್ತಿ ಮಡಚದೆ ಎರಡೂ ಕಡೆ ಚಾಚಿಕೊಂಡಿದ್ದವು. ಅಳೆದದ್ದು ಅವನ್ನೇ.

ಸಂಜೆ ನೋಡಿದರೆ ಕುಣಿ ದೊಡ್ಡದಾಗಿತ್ತು. ಬದುಕಿದ್ದಾಗ ನೆಲಕ್ಕೆ ಕೂರಲಾರದೆ ಒದ್ದಾಡಿದವನ ಮೊಣಕಾಲು ಈಗ ಸಲೀಸಾಗಿ ಮಡಚಿದ್ದವು. ಎರಡೂ ಪಕ್ಕ ಖಾಲಿ ಉಳಿದು ಅವನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿದ. ಅಂಗಡಿಯಲ್ಲಿದ್ದಷ್ಟು ವಿಭೂತಿ ಗಟ್ಟಿ ತರಿಸಿ ಎರಡೂ ಪಕ್ಕ ಒತ್ತು ಕೊಟ್ಟರು. ತಪ್ಪು ತನ್ನದಲ್ಲ, ಕಾಲು ಮಡಚದವರದು ಎಂದು ಮುದುಕ ನನ್ನ ಕಡೆ ಕೈ ಮಾಡಿದ. ವಿಧಿ ಮಾಡಿಸಲು ಬಂದಿದ್ದ ಸ್ವಾಮಿಗಳೂ ನನ್ನನ್ನು ನೋಡಿದರು. ಅಳುವಿನ ನಡುವೆಯೇ ನನಗೆ ನಗು ಬಂತು. ಅವನಿದ್ದಿದ್ದರೆ ನನಗಿಂತ ಮೊದಲು ನಗುತ್ತಿದ್ದ.

ಮಣ್ಣು ಹಾಕಿ ಬರುವಾಗ ಮುದುಕ ಸಮಾಧಾನ ಹೇಳಲು ಹತ್ತಿರ ಬಂದ.

"ಮನಸಿಗೆ ಹಚ್ಕೋಬ್ಯಾಡ್ರಿ ಸಾಹೇಬ್ರ. ನಿಮ್ಮ ಅಳತಿ ಅಂತೂ ಬರೋಬ್ಬರಿ ಸಿಕ್ಕೈತಿ. ಕೋಲು ಜ್ವಾಕಿ ಇಟ್ಟಿರ್ತೀನಿ."

ಖರೆ ಹೇಳಬೇಕೆಂದರೆ ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ನಾನು ಆಗಲಿ ಎಂದು ತಲೆಯಾಡಿಸಿದೆ. ಮನೆಗೆ ಬಂದು ಉಣ್ಣದೆ ಮಲಗಿದೆ. ಹೆಂಡತಿ ಚೀಟಿಯ ಸುದ್ದಿ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಅವಳಿರಲಿಲ್ಲ. ನಾನು ನೋವಿನ ಗುಳಿಗೆ ನುಂಗಿ, ಪಡಸಾಲೆಯ ಗೋಡೆಗೆ ಆತು, ಮೊಣಕಾಲು ಸ್ವಲ್ಪವಾದರೂ ಮಡಚುತ್ತವೆಯೇ ಎಂದು ನೆಲದ ಮೇಲೆ ಕುಳಿತು ನೋಡುತ್ತಿದ್ದೆ. ಅಷ್ಟರಲ್ಲಿ ಅವಳು ಬಾಗಿಲು ದಾಟಿ ಬಂದಳು. ಕೈಯಲ್ಲಿ ಆ ಬೇವಿನ ಕೋಲು. ಮುದುಕನ ಮನೆಯ ತನಕ ನಡೆದು ಹೋಗಿ ಕೇಳಿ ತಂದಿದ್ದಳು. ಎದುರಿಗೆ ಕುಳಿತು, ಸೊಂಟದ ಚೀಟಿ ತೆಗೆದು, ಕೋಲಿನ ಪಕ್ಕದಲ್ಲಿ ನೆಲದ ಮೇಲಿಟ್ಟಳು.

"ಎರಡೂ ನಿಮ್ಮುವ ಅದಾವ್ರಿ. ಯಾವುದು ತಗೋತೀರಿ, ಹೇಳ್ರಿ."

ಅವಳ ಕಣ್ಣು ತುಂಬಿತ್ತು. ನಾನು ಚೀಟಿ ಎತ್ತಿ ಕಿಸೆಗಿಟ್ಟುಕೊಂಡೆ. ವಿಜಯಪುರದ ಬಸ್ಸಿಗೆ ಇನ್ನರ್ಧ ತಾಸಿತ್ತು. ನೆಲದಿಂದ ಏಳಲು ನೋಡಿದರೆ ಮೊಣಕಾಲು ಒಪ್ಪಲಿಲ್ಲ. ಕೊನೆಗೆ ಆ ಕೋಲನ್ನೇ ಊರಿ ಎದ್ದೆ.